ಮೂರನೇ ಬೋಗಿಯ ಭಾರ

ನಮ್ಮ ನಿಲ್ದಾಣದ ಕಾಯುವ ಕೋಣೆ ಮಳೆಗಾಲದಲ್ಲಿ ಐದು ಕಡೆ ಸೋರುತ್ತದೆ. ಎಲ್ಲಿ ಸೋರುವುದಿಲ್ಲ ಎಂದು ಗೊತ್ತಿರುವವರು ಮೊದಲೇ ಬಂದು ಜಾಗ ಹಿಡಿಯುತ್ತಾರೆ, ಗೊತ್ತಿಲ್ಲದವರು ಎರಡು ಸಲ ತಲೆ ಒರೆಸಿಕೊಂಡು ಮೂರನೇ ಸಲಕ್ಕೆ ನನ್ನ ಒಲೆಯ ಹತ್ತಿರ ಬಂದು ನಿಲ್ಲುತ್ತಾರೆ. ಹದಿನಾಲ್ಕು ವರ್ಷದಿಂದ ಆ ಕೋಣೆಯ ಮೂಲೆಯಲ್ಲಿ ಚಹಾ ಮಾಡುತ್ತಿದ್ದೇನೆ. ಮಳೆ ಬಂದಾಗ ಜನ ಹತ್ತಿರ ಹತ್ತಿರ ಕೂರುತ್ತಾರೆ, ಹತ್ತಿರ ಕೂತಾಗ ಮಾತು ಬರುತ್ತದೆ. ಅದು ನನಗೆ ಒಳ್ಳೆಯದೇ.

ಈ ಸಲದ ಮಳೆಯಲ್ಲಿ ಒಂದು ಸಂಜೆ, ಮುಂದಿನ ಮೋರಿಯ ಬಳಿ ಹಳಿಯ ಮೇಲೆ ನೀರು ಬಂದಿದೆಯೆಂದು ಪ್ಯಾಸೆಂಜರ್ ಗಾಡಿಯನ್ನು ನಮ್ಮಲ್ಲೇ ನಿಲ್ಲಿಸಿದರು. ಐದು ಬೋಗಿಯ ಹಳೇ ಗಾಡಿ. ಹಳಿ ನೋಡಲು ಆಳುಗಳು ಹೋಗಿದ್ದರು. ಅವರು ಬಂದು ಹೇಳುವ ತನಕ ಚಾಲಕನೂ ಇಳಿಯುವ ಹಾಗಿಲ್ಲ, ಗಾಡಿಯೂ ಹೊರಡುವ ಹಾಗಿಲ್ಲ. ಜನ ಒಬ್ಬೊಬ್ಬರೇ ಇಳಿದು ಒಲೆಯ ಸುತ್ತ ಸೇರಿದರು. ದಿನಾ ಈ ಗಾಡಿಯಲ್ಲೇ ಆಸ್ಪತ್ರೆಯಿಂದ ಮನೆಗೆ ಹೋಗುವ ನರ್ಸಮ್ಮ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಮಡಿಸಿ ಕೂತರು. ಗಾರ್ಡು ಬಂದು ತನ್ನ ಒದ್ದೆ ಟೋಪಿಯನ್ನು ನನ್ನ ಒಲೆಯ ಪಕ್ಕ ಒಣಗಲು ಇಟ್ಟ, ಕೇಳಲೂ ಇಲ್ಲ.

"ಮೂರನೇ ಬೋಗಿಯಿಂದ ಮಾತ್ರ ನರ್ಸಮ್ಮನ ಬಿಟ್ಟು ಯಾರೂ ಇಳೀತಾ ಇಲ್ಲ ನೋಡಿ, ಇಳಿದ್ರೆ ಸೀಟು ಹೋಗುತ್ತೆ ಅಂತ," ಅಂದ ಗಾರ್ಡು. "ಉಳಿದ ನಾಲ್ಕರಲ್ಲಿ ಕೂತ್ರೆ ಹಲ್ಲು ಕಟಕಟ ಅನ್ನುತ್ತೆ. ಅದೊಂದು ಅಲುಗಾಡಲ್ಲ."

"ನಾನೂ ಅದಕ್ಕೇ ಅದ್ರಲ್ಲೇ ಹತ್ತೋದು. ಹತ್ತಿದ ತಕ್ಷಣ ನಿದ್ದೆ," ಅಂದರು ನರ್ಸಮ್ಮ. "ಯಾಕೆ ಹಂಗೆ ಅದು?"

ಒಲೆಗೆ ಅತಿ ಹತ್ತಿರದ ಬೆಂಚಿನಲ್ಲಿ ಫಿಟ್ಟರ್ ತಾತ ಕೂತಿದ್ದರು. ಬೋಗಿ ರಿಪೇರಿಯ ಕೆಲಸದಿಂದ ನಿವೃತ್ತರಾಗಿ ಏಳು ವರ್ಷವಾಯಿತು. ಆದರೂ ದಿನಾ ಸಂಜೆ ಬಂದು ಮೂರನೇ ಬೋಗಿ ಹತ್ತುತ್ತಾರೆ, ಎರಡು ನಿಲ್ದಾಣ ಹೋಗಿ ಎದುರು ಗಾಡಿಯಲ್ಲಿ ಮರಳಿ ಬರುತ್ತಾರೆ. ಹೆಂಡತಿಯ ಕಾಟ ತಪ್ಪಿಸಿಕೊಳ್ಳಲು ಅಂತ ನಾವು ಮೊದಲು ನಗುತ್ತಿದ್ದೆವು. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೂ ಬರುವುದು ನಿಲ್ಲಲಿಲ್ಲ, ನಾವು ನಗುವುದು ನಿಲ್ಲಿಸಿದೆವು.

"ಯಾಕೆ ಅಂತ ನಾನು ಹೇಳ್ಲಾ?" ಅಂದರು ತಾತ. ದಣಿದ ದನಿ. ಅವರು ಯಾವತ್ತೂ ಹಾಗೇ ಮಾತಾಡುವುದು, ಪ್ರತಿ ಮಾತನ್ನೂ ನೆಲದಿಂದ ಎತ್ತಿ ಇಡುವ ಹಾಗೆ.

"ಹೇಳಿ ತಾತ, ಹೆಂಗೂ ಗಾಡಿ ಹೊರಡಲ್ಲ," ಅಂದ ಗಾರ್ಡು.

"ನಗಬಾರದು ಮತ್ತೆ."

"ನಗೋ ಕತೆಯಾದ್ರೆ ನಗ್ತೀವಿ."

ತಾತ ಲೋಟ ಕೆಳಗಿಟ್ಟರು.

"ಕೇಳಿ ಹಾಗಾದ್ರೆ… ಈ ಕೋಣೆ ಹಿಂದೆ ಗಿಡಗಂಟಿ ಬೆಳೆದು ಮುಚ್ಚಿಹೋಗಿದೆಯಲ್ಲ, ಅದು ನಮ್ಮ ಬೋಗಿ ಶೆಡ್ಡು. ಆಗ ಈ ದಾರಿಗೆ ಒಟ್ಟು ಏಳು ಬೋಗಿ, ಆ ಏಳಕ್ಕೂ ಡಾಕ್ಟ್ರು, ಸೂಲಗಿತ್ತಿ, ಗೋರಿ ತೋಡೋರು ಎಲ್ಲಾ ನಾವೇ. ಹನ್ನೊಂದು ಜನ ಮಾಡೋ ಕೆಲಸಕ್ಕೆ ಆರು ಜನ ಇದ್ವಿ. ಒಬ್ಬ ರಜೆ ಹಾಕಿದ್ರೆ ಇನ್ನೊಬ್ಬ ಎರಡು ಪಾಳಿ, ಇಬ್ಬರು ಹಾಕಿದ್ರೆ ಉಳಿದೋರು ಮನೆ ದಾರಿ ಮರೆಯೋದೇ. ನನಗಾಗ ಮೂವತ್ತಾರು. ಪಾಳಿಗೆ ಮೇಸ್ತ್ರಿ ಮಾಡಿದ್ರು. ಮೇಸ್ತ್ರಿ ಅಂದ್ರೆ ಏನು ಗೊತ್ತಾ? ಕೆಲಸ ಅಷ್ಟೇ ಮಾಡ್ಬೇಕು, ಬೈಸ್ಕೊಳ್ಳೋದು ಮಾತ್ರ ಜಾಸ್ತಿ.

"ನಮ್ಮಲ್ಲಿ ಒಬ್ಬ ಹಿರೀ ಫಿಟ್ಟರ್ ಇದ್ರು. ಹಳಿ ನಡುವೆ ಉದ್ದಕ್ಕೆ ಗುಂಡಿ ತೋಡಿರ್ತಾರೆ, ಬೋಗಿ ಮೇಲೆ ನಿಂತಿರುತ್ತೆ, ನಾವು ಗುಂಡಿಗಿಳಿದು ಅದರ ಹೊಟ್ಟೆ ನೋಡೋದು. ಇವರು ಗುಂಡಿಗಿಳೀವಾಗ ಒಂದ್ಸಲ, ಹತ್ತಿ ಬರುವಾಗ ಒಂದ್ಸಲ 'ಉಸ್ಸಪ್ಪಾ' ಅನ್ನೋರು. ಹಂಗಾಗಿ ಹೆಸರೇ ಉಸ್ಸಪ್ಪಣ್ಣ ಅಂತಾಗಿತ್ತು. ಸಂಬಳದ ದಿನ ಗುಮಾಸ್ತನೂ ಹಂಗೇ ಕೂಗೋನು, ಇವರೂ ಓ ಅನ್ನೋರು. ನಿವೃತ್ತಿಗೆ ಐದೇ ತಿಂಗಳಿತ್ತು ಅವರಿಗೆ. 'ಅದಾದ್ಮೇಲೆ ಏನ್ ಮಾಡ್ತೀರಣ್ಣ' ಅಂದ್ರೆ, 'ಮಲಗ್ತೀನಿ' ಅನ್ನೋರು. 'ಆಮೇಲೆ?' ಅಂದ್ರೆ, 'ಮಗ್ಗಲು ಬದಲಾಯಿಸ್ತೀನಿ.'"

ನರ್ಸಮ್ಮ ನಕ್ಕರು. ತಾತನೂ ಸ್ವಲ್ಪ ನಕ್ಕರು.

"ಇನ್ನು ಕೆಂಪು ಬೋರ್ಡಿನ ವಿಷಯ ಹೇಳ್ಬೇಕು, ಇಲ್ದಿದ್ರೆ ನಿಮಗೆ ತಿಳಿಯಲ್ಲ. ಬೋಗಿ ಕೆಳಗೆ ಇಳಿಯೋನು ಮೊದಲು ಬೋಗಿ ತುದಿಗೆ ತನ್ನ ಕೆಂಪು ಬೋರ್ಡು ತಗುಲಿಸ್ಬೇಕು. ಒಬ್ಬೊಬ್ಬರಿಗೆ ಒಂದೊಂದು ಬೋರ್ಡು, ಅದರ ಮೇಲೆ ಅವರವರ ನಂಬರು. ಅದು ಇರೋ ತನಕ ಎಂಜಿನ್ನು ಆ ಬೋಗಿ ಮುಟ್ಟೋ ಹಾಗಿಲ್ಲ. ಅದನ್ನ ತೆಗೆಯೋದು ಯಾರು? ತಗುಲಿಸಿದವನೇ! ಸಾಹೇಬರೇ ಬರಲಿ, ಅವರ ಸಾಹೇಬರೇ ಬರಲಿ, ಬೇರೆಯವರ ಬೋರ್ಡಿಗೆ ಕೈ ಹಚ್ಚಿದ್ರೆ ಅವತ್ತೇ ಕೆಲಸದಿಂದ ಹೊರಗೆ. ಅರ್ಧ ಕೆಲಸಕ್ಕೆ ಪಾಳಿ ಮುಗೀತು ಅನ್ನಿ, ಮುಂದಿನ ಪಾಳಿಯವನು ಬಂದು ಮೊದಲು ತನ್ನ ಬೋರ್ಡು ಹಾಕ್ಬೇಕು. ಹಾಕಿದ್ಮೇಲೆ ಹಳಬ ತನ್ನದು ತೆಗೆದುಕೊಂಡು ಮನೆಗೆ. ಬಿಡಿಸಿಕೊಳ್ಳೋನು ಬರದೆ ಹೋಗೋ ಹಾಗೇ ಇಲ್ಲ. ಒಬ್ಬ ತನ್ನ ಬೋರ್ಡು ಮರೆತು ಅತ್ತೆ ಮನೆಗೆ ಹೋಗಿಬಿಟ್ಟಿದ್ದ… ಊಟಕ್ಕೆ ಕೂತವನನ್ನ ಎಬ್ಬಿಸಿ, ಲುಂಗಿಯಲ್ಲೇ ಸೈಕಲ್ ಮೇಲೆ ಕೂರಿಸ್ಕೊಂಡು ಬಂದು ತೆಗೆಸಿದ್ವಿ. ಎಂಜಲು ಕೈಯಲ್ಲೇ ತೆಗೆದ, ಮಾವನಿಗೆ ನಾಚಿಕೆ, ಅಳಿಯನಿಗೆ ಸಿಟ್ಟು… ಅಷ್ಟು ಕಟ್ಟುನಿಟ್ಟು ಅದು.

"ಸರಿ. ಪರೀಕ್ಷೆ ದಿನಗಳು. ಕಾಲೇಜು ಮಕ್ಕಳೆಲ್ಲ ಈ ಗಾಡಿಗೇ ಬೀಳೋರು, ಬಾಗಿಲಲ್ಲಿ ಜೋತು ಬೀಳೋರು. ಮಧ್ಯಾಹ್ನ ಮೂರೂವರೆ ಗಾಡಿಗೆ ಒಂದು ಬೋಗಿ ಕಡಿಮೆ. ಸ್ಟೇಷನ್ ಮಾಸ್ತರು ಹತ್ತು ನಿಮಿಷಕ್ಕೊಂದು ಸಲ ಫೋನು, 'ಮೇಸ್ತ್ರಿ, ಬೋಗಿ ಕೊಡ್ತೀಯೋ, ಇಲ್ಲಾ ಈ ಮಕ್ಕಳನ್ನ ನಿನ್ನ ಮನೇಲಿ ಕೂರಿಸ್ಕೋತೀಯೋ?' ಅಂತ. ಶೆಡ್ಡಲ್ಲಿ ಒಂದು ಬೋಗಿ ತಯಾರಾಗಿ ನಿಂತಿದೆ. ಆದ್ರೆ ಅದರ ತುದಿಗೆ ಉಸ್ಸಪ್ಪಣ್ಣನ ಬೋರ್ಡು.

"ಗುಂಡಿಗೆ ಬಗ್ಗಿ ಕೂಗಿದೆ. ಇಲ್ಲ. ಶೆಡ್ಡೆಲ್ಲ ಹುಡುಕಿದೆ. ಇಲ್ಲ. ಸೈಕಲ್ಲೂ ಇಲ್ಲ. ಹಿಂದಿನ ದಿನದಿಂದ ಎರಡು ಪಾಳಿ ಒಟ್ಟಿಗೆ ಮಾಡಿದ್ರು. ನಾನೇನು ಅಂದ್ಕೊಂಡೆ? ಪಾಪ, ಮುದುಕ, ಸುಸ್ತಾಗಿ ಬೋರ್ಡು ಮರೆತು ಮನೆಗೆ ಹೋಗಿದಾರೆ ಅಂತ. ಆ ವರ್ಷ ಆಗಲೇ ಎರಡು ಸಲ ಮರೆತಿದ್ರು. ಮೂರನೇದಕ್ಕೆ ಸಸ್ಪೆಂಡು. ಐದು ತಿಂಗಳಿರುವಾಗ ಈ ಮನುಷ್ಯನಿಗೆ ಅದು ಬೇಕಾ? ಕರೆಸಿದ್ರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ… ಅತ್ತ ನೋಡಿದೆ, ಇತ್ತ ನೋಡಿದೆ. ಬೋರ್ಡು ತೆಗೆದೆ. ಅಂಗಿ ಒಳಗೆ ಸೇರಿಸ್ಕೊಂಡು ಹೋಗಿ ನನ್ನ ಬೀರುವಿನಲ್ಲಿಟ್ಟೆ. ಎಂಜಿನ್ನಿಗೆ ಕೈ ಬೀಸಿದೆ.

"ಒಳ್ಳೇದಕ್ಕೇ ಮಾಡಿದ್ದು. ಈಗ್ಲೂ ಅದನ್ನೇ ಹೇಳ್ಕೋತೀನಿ… ಒಳ್ಳೇದಕ್ಕೇ ಮಾಡಿದ್ದು."

ಮೇಲಿಂದ ಬೀಳುವ ಹನಿಗೆ ಯಾರೋ ಬಕೀಟು ಸರಿಸಿದ ಸದ್ದು.

"ಮರೆತಿದ್ರಾ ಅವರು?" ಅಂದರು ನರ್ಸಮ್ಮ.

"ಎಲ್ಲಿ ಮರೆತಿದ್ರಮ್ಮ! ಬೋಗಿ ಪೆಟ್ಟಿಗೆ ನೇರ ಚಕ್ರದ ಮೇಲೆ ಕೂತಿರಲ್ಲ. ತೊಟ್ಟಿಲು ತೂಗು ಹಾಕಿದ ಹಾಗೆ ಕಬ್ಬಿಣದ ಕೊಂಡಿಗಳಿಗೆ ತೂಗು ಹಾಕಿರ್ತಾರೆ. ಹ್ಯಾಂಗರು ಅಂತೀವಿ. ಅದರಲ್ಲೊಂದು ಬಿರುಕು ಬಿಟ್ಟಿತ್ತು. ಬೇರೆ ಪಾಳಿಯಲ್ಲಿ ಉಗ್ರಾಣಕ್ಕೆ ಚೀಟಿ ಕಳಿಸಿ ಮೂರು ದಿನ ಕಾದ್ರೂ ಹೊಸದು ಬಂದಿರಲಿಲ್ಲ, ನನಗದು ಗೊತ್ತಿರಲಿಲ್ಲ. ಅವತ್ತು ಬೋಗಿ ಹೋಗದಿರಲಿ ಅಂತ ಬೋರ್ಡು ಬಿಟ್ಟು, ತಾವೇ ಸೈಕಲ್ ಹತ್ತಿ ಊರಾಚೆ ಉಗ್ರಾಣಕ್ಕೆ ಹೋಗಿದ್ರು. ಹೇಳಿ ಹೋಗೋಕೆ ನಾನೇ ಸಿಗಲಿಲ್ಲ ಅಂತ ಉಗ್ರಾಣದವರ ಹತ್ರ ಅಂದಿದ್ರಂತೆ, ಫೋನಲ್ಲಿ ಬೈಸ್ಕೋತಾ ಇದ್ನಲ್ಲ. ಹೇಳದಿದ್ರೇನು, ಬೋರ್ಡಿದೆಯಲ್ಲ. ಬೋರ್ಡಿಗಿಂತ ದೊಡ್ಡ ಮಾತು ಇನ್ನೇನಿದೆ?

"ಅವರು ಆ ಹ್ಯಾಂಗರು ಕ್ಯಾರಿಯರಿಗೆ ಕಟ್ಕೊಂಡು ವಾಪಸು ಬರೋದಕ್ಕೂ, ಗಾಡಿ ಇದೇ ಪ್ಲಾಟ್‌ಫಾರ್ಮಿಂದ ಹೊರಡೋದಕ್ಕೂ ಸರಿಹೋಯ್ತು. ನೋಡಿದ್ರು. ಬಿರುಕು ಬಿಟ್ಟ ಬೋಗಿ, ಒಳಗೆ ನೂರೈವತ್ತು ಮಕ್ಕಳು, ತುದೀಲಿ ಬೋರ್ಡಿಲ್ಲ… ಸೈಕಲ್ ಅಲ್ಲೇ ಬೀಳಿಸಿ ಓಡಿದ್ರು. ಕೈ ಎತ್ಕೊಂಡು, ಕೂಗ್ಕೊಂಡು, ಆ ತುದಿ ತನಕ ಓಡಿದ್ರು. ಯಾರೋ ಮುದುಕ ಗಾಡಿ ತಪ್ಪಿಸ್ಕೊಂಡ ಅಂತ ಎಲ್ಲರೂ ನೋಡಿದ್ದೇ. ಒಬ್ಬ ಹುಡುಗ ಬಾಗಿಲಿಂದ ಕೈ ಚಾಚಿ 'ಬಾ ತಾತ ಬಾ' ಅಂದನಂತೆ. ಅವರು ಆ ಬೋಗಿಯ ಕಂಬಿ ಮುಟ್ಟಿದ್ದು ನಿಜ, ನೋಡಿದೋರಿದಾರೆ. ಮುಟ್ಟಿದೋರು ಹಂಗೇ ಕುಸಿದ್ರು. ನಾನು ಹೋಗಿ ತಲೆ ಎತ್ತೋ ಹೊತ್ತಿಗೆ ಏನೂ ಉಳಿದಿರಲಿಲ್ಲ. ಎದೆ ಒಡೆದಿತ್ತು."

"ಅಯ್ಯೋ…" ಅಂದರು ನರ್ಸಮ್ಮ.

"ಕ್ಯಾರಿಯರಲ್ಲಿ ಹ್ಯಾಂಗರು ನೋಡಿದೆ ನೋಡಿ, ಅಲ್ಲೇ ಎಲ್ಲಾ ಗೊತ್ತಾಯ್ತು. ಒಂದು ಫೋನು ಮಾಡಿದ್ರೆ ಮುಂದಿನ ನಿಲ್ದಾಣದಲ್ಲಿ ಗಾಡಿ ನಿಲ್ಲಿಸೋರು. ಮಾಡಿದ್ನಾ? ಮಾಡ್ಲಿಲ್ಲ. ಮಾಡಿದ್ರೆ ಬೋರ್ಡು ತೆಗೆದವರು ಯಾರು ಅಂತ ಕೇಳ್ತಾರೆ. ಕೆಲಸ ಹೋಗುತ್ತೆ, ಮನೆ ರೈಲ್ವೆಯವರು ಕೊಟ್ಟಿದ್ದು, ಅದೂ ಹೋಗುತ್ತೆ, ಮೂರು ಸಣ್ಣ ಮಕ್ಕಳು. ಫೋನಿನ ಮುಂದೆ ನಿಂತೇ ಇದ್ದೆ. ಕೈ ಏಳಲಿಲ್ಲ. ನಿಮ್ಮ ಮುಂದೆ ಒಳ್ಳೆಯವನಾಗಿ ಈಗ ಏನು ಸಿಗಬೇಕಿದೆ ನನಗೆ… ಇದ್ದದ್ದು ಹೇಳ್ತಿದೀನಿ.

"ಗಾಡಿ ಬೀಳಲಿಲ್ಲ. ಹೋಯ್ತು, ತುದಿ ಮುಟ್ಟಿತು, ಮರುದಿನ ಬೆಳಗ್ಗೆ ಸುಸೂತ್ರವಾಗಿ ವಾಪಸು ಬಂತು. ಗಾರ್ಡು ಇಳಿದವನೇ, 'ಏನ್ ಮೇಸ್ತ್ರಿ, ಆ ಬೋಗಿಗೆ ಏನು ಮಾಡಿದ್ರಿ? ಬೆಣ್ಣೆ ಮೇಲೆ ಹೋದ ಹಂಗೆ ಹೋಯ್ತು' ಅಂದ.

"ಎಲ್ಲರೂ ಉಸ್ಸಪ್ಪಣ್ಣನ ಮನೆಗೆ ಹೋಗಿದ್ರು. ನಾನು ಆಮೇಲೆ ಬರ್ತೀನಿ ಅಂದು, ಆ ಹೊಸ ಹ್ಯಾಂಗರು ಹೊತ್ಕೊಂಡು ಗುಂಡಿಗಿಳಿದೆ. ಗುಟ್ಟಿನ ಕೆಲಸ, ಹಂಗಾಗಿ ಬೋರ್ಡು ಹಾಕ್ಲಿಲ್ಲ. ನಡು ಮಧ್ಯಾಹ್ನ. ಶೆಡ್ಡಿನ ಮೇಲಿಂದ ಬಿಸಿಲು ಗುಂಡಿ ಒಳಗೂ ಬೀಳ್ತಾ ಇದೆ. ಬಗ್ಗಿ ನೋಡ್ತೀನಿ… ಹ್ಯಾಂಗರು ಬಿರುಕು ಬಿಟ್ಟಿಲ್ಲ. ತುಂಡಾಗಿದೆ. ಎರಡು ತುಂಡು, ನಡುವೆ ನಾಲ್ಕು ಬೆರಳು ಸಂದು. ಆ ಮೂಲೆ ಇಷ್ಟು ಕುಸಿದಿರಬೇಕು. ಕುಸಿದಿಲ್ಲ. ನೀರಿಟ್ಟು ನೋಡಿದ್ರೂ ತುಳುಕದ ಹಾಗೆ ಬೋಗಿ ಮಟ್ಟವಾಗಿ ನಿಂತಿದೆ. ಯಾವುದರ ಮೇಲೆ ನಿಂತಿದೆ ಹೇಳಿ? ಗಾಳಿ ಮೇಲೆ ನಿಂತಿದೆ!

"ಆಗ ಕೇಳಿಸ್ತು. ನನ್ನ ಕಿವಿ ಪಕ್ಕದಲ್ಲೇ. 'ಉಸ್ಸಪ್ಪಾ…' ಅಂತ."

ಗಾರ್ಡನ ಕೈಯಲ್ಲಿದ್ದ ಚಹಾ ಹಾಗೇ ಇತ್ತು. ನಾನು ಒಲೆ ಸಣ್ಣ ಮಾಡಿದೆ, ಅದರ ಸದ್ದೂ ಜಾಸ್ತಿ ಅನ್ನಿಸಿತು.

"'ಬಂದ್ಯೇನೋ?' ಅಂದ್ರು. ಬೈಗುಳ ಇಲ್ಲ, ಅಳು ಇಲ್ಲ. ಎರಡು ಪಾಳಿ ಮಾಡಿದವನು ಮೂರನೇ ಪಾಳಿಯವನನ್ನ ಕಂಡ್ರೆ ಹೆಂಗೆ ಕೇಳ್ತಾನೋ ಹಂಗೆ. 'ಬೇಗ ಹಾಕಪ್ಪ, ಭುಜ ಬಿದ್ದು ಹೋಗ್ತಿದೆ' ಅಂದ್ರು. ಹಾಕಿದೆ. ಹೆಂಗೆ ಹಾಕಿದೆ ಅಂತ ನನಗೇ ಗೊತ್ತಿಲ್ಲ. ಹಳೇದು ಬಿಚ್ಚಿ, ಹೊಸದು ಕೂರಿಸಿ, ಬಿಗಿ ಮಾಡಿ, ಕೈಯಿಟ್ಟು ನೋಡಿದ್ರೆ… ಹ್ಯಾಂಗರು ಬಳೆ ಅಲ್ಲಾಡಿದ ಹಂಗೆ ಅಲ್ಲಾಡ್ತಿದೆ. ಅರ್ಥ ಆಯ್ತಾ? ಭಾರ ಅದರ ಮೇಲೆ ಬಿದ್ದೇ ಇಲ್ಲ. ಇನ್ನೂ ಅವರ ಮೇಲೇ ಇದೆ.

"'ಅಣ್ಣ, ಹೊಸದು ಹಾಕಿದೀನಿ, ಬಿಟ್ಟುಬಿಡಿ' ಅಂದೆ. 'ಹೆಂಗೋ ಬಿಡ್ಲಿ?' ಅಂದ್ರು. 'ನನ್ನ ಬೋರ್ಡು ನಾನು ತೆಗೆದಿಲ್ಲ. ಬಿಡಿಸ್ಕೊಳ್ಳೋನೂ ಬಂದಿಲ್ಲ. ನಿನ್ನ ಬೋರ್ಡೆಲ್ಲಿ?' ಅಂದ್ರು. ನಲವತ್ತು ವರ್ಷ ಅದೊಂದು ನಿಯಮ ಮುರೀದೆ ಬದುಕಿದ ಮನುಷ್ಯ, ಸತ್ತ ಮೇಲೆ ಮುರೀತಾರಾ?

"ಬೀರುವಿಗೆ ಓಡಿ ಎರಡು ಬೋರ್ಡೂ ತಂದೆ, ಅವರದೂ, ನಂದೂ. ನಂದನ್ನ ಬೋಗಿ ತುದಿಗೆ ತಗುಲಿಸೋಕೆ ಹೋದೆ. ಕೊಕ್ಕೆಗೆ ಇನ್ನೂ ತಾಗಿಲ್ಲ, ಕೂದಲೆಳೆಯಷ್ಟು ಸಂದಿದೆ… ಆಗ ನನ್ನ ಈ ಭುಜದ ಮೇಲೆ ಬೋಗಿ ಇಳೀತು. ಪೂರ್ತಿ ಅಲ್ಲ. ಒಂದು ಬೆರಳು ಇಟ್ಟಷ್ಟು. ಅಷ್ಟಕ್ಕೇ ಮೊಣಕಾಲು ಮಡಿಸ್ಕೊಂಡು ಕೂತೆ. ಆಗ ತಿಳೀತು, ಈ ಬೋರ್ಡು ಹಾಕೋದು ಅಂದ್ರೆ ಏನು ಅಂತ. ಇದು ಎಂಟು ಗಂಟೆ ಪಾಳಿಯಲ್ಲ. ಈ ಕೆಲಸ ಮಾಡೋಕೆ ಅವರು ಹೋದ ಕಡೆಗೇ ಹೋಗ್ಬೇಕು.

"'ಅಣ್ಣ, ಮಕ್ಕಳು ಸಣ್ಣವು' ಅಂದೆ. 'ಹೌದಲ್ಲ…' ಅಂದ್ರು. 'ನಾಳೆ ಬರ್ತೀನಿ ಅಣ್ಣ' ಅಂದೆ. 'ಹೂಂ. ನಾಳೆ ಬಾ' ಅಂದ್ರು.

"ಬೈದಿದ್ರೆ ಚೆನ್ನಾಗಿತ್ತು.

"ಮರುದಿನ ಅವರ ಬೋರ್ಡು ಅವರ ಮನೆಯವರಿಗೆ ಕೊಟ್ಟೆ, ಬೀಗದಕೈ, ಕನ್ನಡಕದ ಜೊತೆ. ನಂದು ನನ್ನ ಹತ್ರಾನೇ ಇದೆ. ಆ ನಾಳೆಗೆ ಮೂವತ್ತೊಂದು ವರ್ಷ ಆಯ್ತು. ಮೊದಮೊದಲು ನೆಪಗಳು ಗಟ್ಟಿಯಾಗೇ ಇದ್ವು. ದೊಡ್ಡವನ ಓದು ಅಂದೆ. 'ಓದಲಿ' ಅಂದ್ರು. ಮಗಳ ಮದುವೆ ಅಂದೆ. 'ಒಳ್ಳೇದಾಗಲಿ, ಹುಡುಗ ಏನ್ಮಾಡ್ತಾನೆ?' ಅಂತ ಕೇಳಿದ್ರು! ಮೈಮೇಲೆ ಬೋಗಿ ಹೊತ್ಕೊಂಡು ನನ್ನ ಅಳಿಯನ ಕೆಲಸ ವಿಚಾರಿಸ್ತಾರೆ… ಆಮೇಲೆ ಕಿರಿಯವನಿಗೆ ಕೆಲಸ ಸಿಗಲಿ ಅಂದೆ. ಸಿಕ್ಕಿತು. ಆಮೇಲೆ ಹೆಂಡತಿಗೆ ಹುಷಾರಿಲ್ಲ ಅಂದೆ. ಅದು ಎಂಟು ವರ್ಷ ನಡೀತು. ಆಸ್ಪತ್ರೆಗೆ ಅವಳನ್ನ ಇದೇ ಬೋಗೀಲಿ ಕರ್ಕೊಂಡು ಹೋಗ್ತಿದ್ದೆ. ಅಲುಗಾಡಿದ್ರೆ ಅವಳಿಗೆ ನೋವು, ಇದರಲ್ಲಿ ಅಲುಗಾಡ್ತಿರಲಿಲ್ಲ."

"ನೀವು ಸೀಟಲ್ಲಿ ಕೂತು ಕಾಲ ಬುಡ ನೋಡ್ಕೊಂಡು ಮಾತಾಡ್ತಿರ್ತೀರಲ್ಲ," ಅಂದರು ನರ್ಸಮ್ಮ ಮೆಲ್ಲಗೆ. "ನಾವು ವಯಸ್ಸಾಯ್ತು, ಅದಕ್ಕೇ ಅಂದ್ಕೊಂಡಿದ್ವಿ."

"ವಯಸ್ಸಂತೂ ಆಗಿದೆ, ಸುಳ್ಳಲ್ಲ. ದಿನಾ ಹೋಗಿ ಆ ಮೂಲೆ ಮೇಲಿನ ಸೀಟಲ್ಲಿ ಕೂತು, 'ಅಣ್ಣ, ಇವತ್ತಾಗಲ್ಲ' ಅಂತ ಹೇಳಿ ಬರ್ತೀನಿ. ಹೇಳದೆ ಇರೋದು ಮರ್ಯಾದೆಯಲ್ಲ."

ಗಾರ್ಡು ಲೋಟ ಕೆಳಗಿಟ್ಟ. "ತಾತ, ಕತೆ ಚೆನ್ನಾಗಿದೆ. ಆದ್ರೆ ಆ ಕಾಲದ ಬೋಗಿಗಳು ಎಲ್ಲಿವೆ ಈಗ? ಇದಕ್ಕೆ ಹೊಸ ಬಣ್ಣ, ಹೊಸ ಸೀಟು, ಹೊಸ ನಂಬರು."

"ಮೇಲಿನ ಪೆಟ್ಟಿಗೆ ಹೊಸದು ಮಗ. ಕೆಳಗಿನ ಅಡಿಗಟ್ಟು ಹಳೇದೇ. ದೊಡ್ಡ ಶೆಡ್ಡಲ್ಲಿ ಪರೀಕ್ಷೆ ಮಾಡ್ತಾರಲ್ಲ, ಅವರನ್ನ ಕೇಳು. ಹಿಂದಿನ ಎಡಮೂಲೆ ಹ್ಯಾಂಗರು ಎಷ್ಟು ಸವೆದಿದೆ ಅಂತ."

ಗಾರ್ಡು ಟೋಪಿ ಎತ್ತಿಕೊಂಡ, ಒಣಗಿದೆಯೇ ಎಂದು ಮುಟ್ಟಿ ನೋಡಿದ, ಮತ್ತೆ ಅಲ್ಲೇ ಇಟ್ಟ. "ಹೋದ ತಿಂಗಳು ಅವರು ಅದನ್ನೇ ಮಾತಾಡ್ತಿದ್ರು," ಅಂದ. "ಒಂದು ಹ್ಯಾಂಗರು ಅಳತೆಗೆ ಒಂದು ಕೂದಲಷ್ಟೂ ಸವೆದಿಲ್ಲವಂತೆ. ಅಳೆಯೋ ಉಪಕರಣಾನೇ ಕೆಟ್ಟಿದೆ ಅಂತ ಬದಲಾಯಿಸಿದ್ರಂತೆ."

ಯಾರೂ ನಗಲಿಲ್ಲ.

"ಆದ್ರೆ ಅವರಿಗೂ ಸಾಕಾಗಿದೆ," ಅಂದರು ತಾತ. "ಮೊದಲು 'ನಾಳೆ ಬಾ' ಅನ್ನೋರು. ಈ ಮಳೆಗಾಲ ಹಿಡಿದ ಮೇಲೆ ಅದೂ ಇಲ್ಲ. ಉಸಿರು ಮಾತ್ರ ಕೇಳ್ಸುತ್ತೆ. ಏದುಸಿರು. ನಿನ್ನೆ ಸೇತುವೆ ಮೇಲೆ ಬೋಗಿ ಒಂದ್ಸಲ ವಾಲಿತು, ನಿಮಗೆ ಗೊತ್ತಾಯ್ತೋ ಇಲ್ವೋ…"

"ನನಗೆ ಎಚ್ಚರ ಆಯ್ತು," ಅಂದರು ನರ್ಸಮ್ಮ. "ಮೊದಲ ಸಲ."

"ಅದೇ. ಅವರು ಕೈ ಬದಲಾಯಿಸಿದ್ದು. ಆಗ ಅವರು ನನಗೆ ಒಂದೇ ಮಾತು ಕೇಳಿದ್ರು. 'ಈಗ ಯಾರಿಗೆ ಹುಷಾರಿಲ್ಲಪ್ಪ?' ಅಂದ್ರು. ವ್ಯಂಗ್ಯ ಅಲ್ಲ, ನಿಜವಾಗ್ಲೂ ವಿಚಾರಿಸಿದ್ದು. ನಾನು ಯೋಚನೆ ಮಾಡಿದೆ. ಎಷ್ಟು ಯೋಚಿಸಿದ್ರೂ ಒಬ್ಬರ ಹೆಸರೂ ಬರಲಿಲ್ಲ. ಮಕ್ಕಳು ಚೆನ್ನಾಗಿದಾರೆ. ಮೊಮ್ಮಕ್ಕಳು ಚೆನ್ನಾಗಿದಾರೆ. ಅವಳು ಹೋದಳು. ನೆಪ ಖಾಲಿ."

ಹೊರಗೆ ಹಳಿಯ ಆಳುಗಳು ದೀಪ ಆಡಿಸಿ ಬಂದರು. ನೀರು ಇಳಿದಿದೆ, ನಿಧಾನಕ್ಕೆ ಹೋಗಬಹುದು ಎಂದು ಕೂಗಿದರು. ಎಂಜಿನ್ನು ಸಿಳ್ಳೆ ಹಾಕಿತು. ಗಾರ್ಡು ಟೋಪಿ ಇಟ್ಟುಕೊಂಡು ಎದ್ದ. ಆದರೆ ಬೇರೆ ದಿನದ ಹಾಗೆ ಯಾರನ್ನೂ ಬೇಗ ಬೇಗ ಎಂದು ಗದರಲಿಲ್ಲ. ನರ್ಸಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು ಮೂರನೇ ಬೋಗಿಯನ್ನೂ ನಾಲ್ಕನೆಯದನ್ನೂ ನೋಡುತ್ತಾ ನಿಂತರು.

ತಾತ ಕೊನೆಯಲ್ಲಿ ಎದ್ದರು. ಎದ್ದು ಹೊರಡುವವರು ನನ್ನ ಒಲೆಯ ಮುಂದೆ ಒಂದು ಗಳಿಗೆ ನಿಂತರು.

"ಎದುರು ಗಾಡಿಗೆ ವಾಪಸು ಬರ್ತೀರಲ್ಲ? ಚಹಾ ಇಟ್ಟಿರ್ಲಾ?" ಅಂದೆ. ಬೇರೇನು ಕೇಳಲಿ ನಾನು?

"ಬೇಡ ಕಣಮ್ಮ, ಒಲೆ ಆರಿಸಿ ಮನೆಗೆ ಹೋಗು. ನೀನೂ ಬೆಳಗ್ಗೆಯಿಂದ ನಿಂತೇ ಇದೀಯ." ನರ್ಸಮ್ಮನ ಕಡೆ ತಿರುಗಿದರು. ದನಿಯಲ್ಲಿ ಆ ದಣಿವು ಹಾಗೇ ಇತ್ತು, ಆದರೆ ಕೆಲಸಕ್ಕೆ ಹೊತ್ತಾಯಿತು ಎನ್ನುವವನ ಅವಸರವೂ ಇತ್ತು. "ನೀನು ಹೆದರದೆ ಮೂರನೇದಕ್ಕೇ ಹತ್ತು ತಾಯಿ, ನಿದ್ದೆ ಮಾಡು. ಬಿಡಲ್ಲ, ಬೀಳಿಸಲ್ಲ. ಒಂದೇ ಮಾತು ಕೇಳ್ಕೋ… ನಾಳೆಯಿಂದ ಸ್ವಲ್ಪ ದಿನ ಎಲ್ಲರೂ ಒಬ್ಬೊಬ್ಬರಾಗಿ ಹತ್ತಿ, ಒಟ್ಟಿಗೆ ನುಗ್ಗಬೇಡಿ. ಉಸ್ಸಪ್ಪಣ್ಣಂದು ಪಳಗಿದ ಭುಜ. ಕೆಳಗಿರೋ ಹೊಸಬನಿಗೆ ಇನ್ನೂ ಅಭ್ಯಾಸ ಆಗ್ಬೇಕು."